ಶಾಲಾ ಸಂಚಿಕೆಯ ಲೆಕ್ಕ

ಪ್ರೌಢಶಾಲೆಗಳಲ್ಲಿ ವರ್ಷದ ಕೊನೆಯ ತಿಂಗಳುಗಳು ಬಂದವೆಂದರೆ ಎರಡು ಬಗೆಯ ಸಿದ್ಧತೆಗಳು ಒಟ್ಟಿಗೆ ಆರಂಭವಾಗುತ್ತವೆ. ಒಂದು ಪರೀಕ್ಷೆಯದು, ಇನ್ನೊಂದು ಬೀಳ್ಕೊಡುಗೆಯದು. ಬೆಂಚುಗಳನ್ನು ಅಂಗಳಕ್ಕೆ ಹೊತ್ತು ತಂದು, ಉಪಾಧ್ಯಾಯರನ್ನು ನಡುವೆ ಕುಳ್ಳಿರಿಸಿ, ಹುಡುಗರೂ ಹುಡುಗಿಯರೂ ಸಾಲುಸಾಲಾಗಿ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಸಣ್ಣ ಪುಸ್ತಕಗಳಲ್ಲಿ ಒಬ್ಬರ ಹಸ್ತಾಕ್ಷರವನ್ನು ಒಬ್ಬರು ಪಡೆದುಕೊಳ್ಳುತ್ತಾರೆ. ಕೆಲವು ಶಾಲೆಗಳು ಇಷ್ಟಕ್ಕೇ ನಿಲ್ಲದೆ ಆ ವರ್ಷದ ಬದುಕನ್ನೆಲ್ಲ ಒಂದೆಡೆ ಕೂಡಿಸಿ ವಾರ್ಷಿಕ ಸಂಚಿಕೆಯೊಂದನ್ನು ಹೊರತರುತ್ತವೆ. ಮೂರು ವರ್ಷ ಒಂದೇ ಸೂರಿನಡಿ ಕಲಿತವರು ಚದುರಿಹೋಗುವ ಮುನ್ನ ತಮ್ಮ ಗುರುತನ್ನು ಎಲ್ಲಿಯಾದರೂ ಉಳಿಸಬೇಕೆಂದು ಬಯಸುವುದು ಸಹಜವೇ ಆಗಿದೆ.

ಆದರೆ ಇಂಥ ಸಂಚಿಕೆಗಳನ್ನು ಕೈಗೆತ್ತಿಕೊಂಡು ನೋಡಿದರೆ ಅನೇಕ ಸಲ ನಿರಾಶೆಯಾಗುತ್ತದೆ. ಮೊದಲ ಹತ್ತು ಪುಟಗಳಲ್ಲಿ ಮಕ್ಕಳ ಸುಳಿವೇ ಇರುವುದಿಲ್ಲ. ಅಲ್ಲಿ ಗಣ್ಯರ ಸಂದೇಶಗಳಿರುತ್ತವೆ, ದಾನಿಗಳ ಭಾವಚಿತ್ರಗಳಿರುತ್ತವೆ, ದಾನದ ಮೊತ್ತಕ್ಕೆ ತಕ್ಕಂತೆ ಭಾವಚಿತ್ರದ ಅಳತೆಯೂ ಹಿಗ್ಗಿರುತ್ತದೆ. ಅನಂತರ ಶಾಲೆಯ ವರದಿ. ಅದೂ ಮುಗಿದ ಮೇಲೆ ವಿದ್ಯಾರ್ಥಿಗಳ ಬರಹಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿಯೂ ಕೆಲವು ಮನೆಯ ಹಿರಿಯರು ಬರೆದುಕೊಟ್ಟವು, ಕೆಲವು ಬೇರೆ ಪುಸ್ತಕಗಳಿಂದ ಇಳಿಸಿಕೊಂಡವು. ಗಾದೆಗಳ ಪಟ್ಟಿ, ನಗೆಹನಿಗಳ ಪಟ್ಟಿ, ‘ನಿಮಗೆ ಗೊತ್ತೆ?’ ಎಂಬ ಪಟ್ಟಿ. ಆ ಊರಿನಲ್ಲಿ, ಆ ವರ್ಷದಲ್ಲಿ, ಆ ಮಕ್ಕಳಿಗೆ ಏನಾಯಿತೆಂಬುದಕ್ಕೆ ಮಾತ್ರ ಎಲ್ಲಿಯೂ ಎಡೆಯಿಲ್ಲ. ಉಳಿದ ಪ್ರತಿಗಳು ಕಟ್ಟು ಬಿಚ್ಚದೆ ಕಚೇರಿಯ ಬೀರುವಿನ ಮೇಲೆ ಧೂಳು ಹಿಡಿಯುತ್ತವೆ. ಹುಡುಗರ ಹೆಸರಿನಲ್ಲಿ ಹಿರಿಯರು ನಡೆಸಿದ ಕೆಲಸಕ್ಕೆ ಇದಕ್ಕಿಂತ ಬೇರೆ ಗತಿಯನ್ನು ನಿರೀಕ್ಷಿಸುವಂತಿಲ್ಲ.

ಹಾಗಾದರೆ ಸಂಚಿಕೆಯು ವಿದ್ಯಾರ್ಥಿಗಳದೇ ಆಗುವುದು ಯಾವಾಗ? ಲೇಖನಗಳನ್ನು ಅವರಿಂದ ಬರೆಯಿಸಿದರೆ ಸಾಕೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಅರ್ಧ ಮಾತು. ಬರೆಯುವುದು, ಆರಿಸುವುದು, ತಿದ್ದುವುದು, ಇವುಗಳ ಜೊತೆಗೆ ಹಣ ಕೂಡಿಸುವುದು, ಅದನ್ನು ವೆಚ್ಚ ಮಾಡುವುದು, ವೆಚ್ಚದ ಲೆಕ್ಕವನ್ನು ಎಲ್ಲರೆದುರು ಓದಿ ಒಪ್ಪಿಸುವುದು, ಇಷ್ಟೂ ವಿದ್ಯಾರ್ಥಿಗಳ ಕೈಯಲ್ಲಿದ್ದಾಗಲೇ ಆ ಸಂಚಿಕೆ ಅವರದು. ಹಣದ ವಿಷಯ ಮಕ್ಕಳಿಗೆ ಬೇಡವೆಂದು ದೂರವಿಡುವ ಹಿರಿಯರ ಕಾಳಜಿ ಅರ್ಥವಾಗುವಂಥದೇ. ಆದರೂ ಅದು ಸರಿಯಾದ ಕಾಳಜಿಯಲ್ಲ. ಯಾರು ಹಣ ತರುತ್ತಾರೋ ಅವರ ಮಾತಿಗೆ ಪುಟ ಸಿಗುತ್ತದೆ ಎಂಬ ನಿಯಮ ದೊಡ್ಡವರ ಪತ್ರಿಕೆಗಳಲ್ಲಿರುವಷ್ಟೇ ಶಾಲೆಯ ಸಂಚಿಕೆಯಲ್ಲಿಯೂ ಇದೆ.

ಈ ಬಗೆಯ ವಾರ್ಷಿಕ ಪುಸ್ತಕಗಳು ಹೆಚ್ಚಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ ಯೇಲ್ ಕಾಲೇಜಿನಲ್ಲಿ 1806ರಲ್ಲಿ ಪದವಿ ಪಡೆದವರ ಪಾರ್ಶ್ವಚಿತ್ರಗಳ ಪುಸ್ತಕವೊಂದು ಸಿದ್ಧವಾಯಿತು. ಛಾಯಾಗ್ರಹಣ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಮುಖದ ನೆರಳನ್ನು ಕಪ್ಪು ಆಕೃತಿಯಾಗಿ ಮೂಡಿಸುತ್ತಿದ್ದರು. ಆ ಶತಮಾನದ ಉತ್ತರಾರ್ಧದಲ್ಲಿ ಜಾರ್ಜ್ ವಾರೆನ್ ಎಂಬ ಛಾಯಾಗ್ರಾಹಕನು ಕಾಲೇಜು ವಿದ್ಯಾರ್ಥಿಗಳ ಭಾವಚಿತ್ರಗಳನ್ನು ತೆಗೆದು ಮಾರುತ್ತಿದ್ದನು. ಅವರು ತಮ್ಮ ಗೆಳೆಯರ ಚಿತ್ರಗಳನ್ನು ಕೊಂಡು, ಹೊಲಿಸಿ, ಪುಸ್ತಕವಾಗಿ ಇರಿಸಿಕೊಳ್ಳುತ್ತಿದ್ದರು. ಚಿತ್ರಗಳನ್ನು ಅಕ್ಷರಗಳೊಡನೆ ಅಗ್ಗವಾಗಿ ಅಚ್ಚು ಮಾಡುವ ವಿಧಾನ ಬಂದ ಬಳಿಕ ಈ ಪದ್ಧತಿ ಪ್ರೌಢಶಾಲೆಗಳಿಗೂ ಇಳಿಯಿತು. ಊರಿನ ಅಂಗಡಿಗಳಿಂದ ಜಾಹೀರಾತು ತರುವುದು, ಪ್ರತಿಗಳನ್ನು ಮುಂಗಡವಾಗಿ ಮಾರುವುದು, ಪುಟಗಳನ್ನು ವಿನ್ಯಾಸಗೊಳಿಸುವುದು, ಎಲ್ಲವನ್ನೂ ಅಲ್ಲಿ ವಿದ್ಯಾರ್ಥಿಗಳ ಮಂಡಲಿಯೇ ಉಪಾಧ್ಯಾಯರೊಬ್ಬರ ಮಾರ್ಗದರ್ಶನದಲ್ಲಿ ನಿರ್ವಹಿಸುವ ವಾಡಿಕೆಯಿದೆ. ಮೆಚ್ಚತಕ್ಕ ವ್ಯವಸ್ಥೆಯೇ. ಆದರೆ ಹೊಳಪಿನ ಕಾಗದ, ಗಟ್ಟಿ ರಟ್ಟು, ಬಣ್ಣದ ಚಿತ್ರಗಳು ಸೇರಿ ಅದರ ಬೆಲೆ ಏರಿದಂತೆಲ್ಲ, ಪುಸ್ತಕದೊಳಗೆ ತನ್ನ ಮುಖವಿದ್ದರೂ ಪುಸ್ತಕವನ್ನು ಕೊಳ್ಳಲಾರದ ವಿದ್ಯಾರ್ಥಿಯೂ ಹುಟ್ಟಿಕೊಂಡನು. ಅಮೆರಿಕದಿಂದ ಕಲಿಯಬೇಕಾದುದು ಶ್ರಮದ ಹಂಚಿಕೆಯನ್ನು ಮಾತ್ರ, ಹೊಳಪನ್ನು ಕಲಿಯಬೇಕಾಗಿಲ್ಲ.

ಕನ್ನಡನಾಡಿಗೆ ಹೆಚ್ಚು ಹೊಂದುವ ನಿದರ್ಶನವು ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ದೊರೆಯುತ್ತದೆ. ಸೆಲೆಸ್ತಾಂ ಫ್ರೇನೆ ಎಂಬುವರು 1896ರಲ್ಲಿ ಜನಿಸಿದವರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ 1917ರಲ್ಲಿ ಶ್ವಾಸಕೋಶಕ್ಕೆ ಗಾಯವಾಯಿತು. ಯುದ್ಧ ಮುಗಿದ ಮೇಲೆ 1920ರಲ್ಲಿ ಅವರು ದಕ್ಷಿಣ ಫ್ರಾನ್ಸಿನ ಬಾರ್ ಸ್ಯೂರ್ ಲೂ ಎಂಬ ಗುಡ್ಡಗಾಡಿನ ಊರಿನ ಶಾಲೆಯಲ್ಲಿ ಉಪಾಧ್ಯಾಯರಾದರು. ದೀರ್ಘಕಾಲ ಗಟ್ಟಿಯಾಗಿ ಮಾತನಾಡಿ ಪಾಠ ಹೇಳುವ ಶಕ್ತಿ ಅವರ ಎದೆಯಲ್ಲಿ ಉಳಿದಿರಲಿಲ್ಲ. ಆದುದರಿಂದ ಅವರು ಮಕ್ಕಳನ್ನು ಹೊಲ ಗದ್ದೆಗಳ ಕಡೆಗೆ, ಕಸುಬುದಾರರ ಅಂಗಡಿಗಳ ಕಡೆಗೆ ಕರೆದುಕೊಂಡು ಹೋಗತೊಡಗಿದರು. ಹಿಂದಿರುಗಿ ಬಂದ ಮಕ್ಕಳು ತಾವು ಕಂಡುದನ್ನು ಹೇಳುವರು, ಕಪ್ಪುಹಲಗೆಯ ಮೇಲೆ ಬರೆಯುವರು. ಮರುದಿನ ಅದನ್ನು ಅಳಿಸಿಬಿಡಬೇಕು. ಮಕ್ಕಳ ಕಣ್ಣು ಹೊಳೆಯಿಸಿದ ಮಾತು ಹೀಗೆ ಬಟ್ಟೆಯ ತುಂಡಿನಿಂದ ಒರಸಿಹೋಗುವುದನ್ನು ಅವರು ಸಹಿಸಲಾರದೆ ಹೋದರು.

1924ರ ಹೊತ್ತಿಗೆ ಫ್ರೇನೆಯವರ ತರಗತಿಯೊಳಕ್ಕೆ ಒಂದು ಪುಟ್ಟ ಕೈ ಮುದ್ರಣ ಯಂತ್ರ ಬಂದಿತು. ಮಕ್ಕಳು ತಮ್ಮ ಬರಹಗಳನ್ನು ಓದುವುದು, ಯಾವುದನ್ನು ಅಚ್ಚು ಮಾಡಬೇಕೆಂದು ಕೈಯೆತ್ತಿ ಆರಿಸುವುದು, ಆರಿಸಿದ್ದನ್ನು ಎಲ್ಲರೂ ಸೇರಿ ತಿದ್ದುವುದು, ಬಳಿಕ ಒಂದೊಂದೇ ಸೀಸದ ಮೊಳೆಯನ್ನು ತೆಗೆದು ಸಾಲಾಗಿ ಜೋಡಿಸುವುದು, ಇದು ಆ ಶಾಲೆಯ ದಿನಚರಿಯಾಯಿತು. ಅಚ್ಚಿನ ಮೊಳೆಯಲ್ಲಿ ಅಕ್ಷರವು ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುತ್ತದೆ. ಅದನ್ನು ಓದಲು ತಾಳ್ಮೆ ಬೇಕು. ಒಂದು ಅಕ್ಷರ ತಪ್ಪಿದರೆ ಸಾಲನ್ನೇ ಬಿಚ್ಚಬೇಕು. ಕೆಂಪು ಶಾಯಿಯ ಗೆರೆಗಳಿಂದ ಕಲಿಯದ ಕಾಗುಣಿತವನ್ನು ಮಕ್ಕಳು ಈ ಮೊಳೆಗಳಿಂದ ಕಲಿತರೆಂದರೆ ಆಶ್ಚರ್ಯವಿಲ್ಲ. ತಪ್ಪು ಈಗ ಉಪಾಧ್ಯಾಯರೊಬ್ಬರ ಕಣ್ಣಿಗಲ್ಲದೆ ಊರಿನ ಕಣ್ಣಿಗೆಲ್ಲ ಬೀಳುತ್ತಿತ್ತು.

ಫ್ರಾನ್ಸಿನ ಇನ್ನೊಂದು ತುದಿಯಲ್ಲಿ, ಬ್ರಿಟನಿ ಎಂಬ ಪ್ರಾಂತದ ತ್ರೇಗಂಕ್ ಬಳಿಯ ಕಡಲ ತೀರದ ಶಾಲೆಯ ಉಪಾಧ್ಯಾಯರಾದ ರೆನೆ ದಾನಿಯೆಲ್ ಅವರೂ ಇದೇ ಪದ್ಧತಿಯನ್ನು ಕೈಗೊಂಡರು. ಎರಡು ಶಾಲೆಗಳ ನಡುವೆ ಅಚ್ಚಾದ ಹಾಳೆಗಳ ವಿನಿಮಯ ಆರಂಭವಾಯಿತು. ಗುಡ್ಡದ ಮಕ್ಕಳು ಕಡಲಿನವರ ಬದುಕನ್ನು ಓದಿದರು. ಕಡಲಿನ ಮಕ್ಕಳು ಗುಡ್ಡದವರ ಬದುಕನ್ನು ಓದಿದರು. ತಾನು ಬರೆದುದನ್ನು ಓದಲು ದೂರದಲ್ಲೊಬ್ಬನು ಕಾದಿದ್ದಾನೆಂಬ ಅರಿವು ಬಂದ ಕೂಡಲೇ ಬರೆಯುವವನ ಮಾತಿಗೆ ಖಚಿತತೆ ಬರುತ್ತದೆ. ‘ಸುಂದರವಾದ ಬೆಳಗು’ ಎಂದು ಬರೆದರೆ ಕಡಲಿನ ಹುಡುಗನಿಗೆ ಏನೂ ತಿಳಿಯದು. ಬೆಳಗಿನಲ್ಲಿ ಏನು ಕಂಡಿತೆಂದು ಹೇಳಲೇಬೇಕಾಗುತ್ತದೆ. ಇಂಥ ತರಗತಿಗಳು ತಮ್ಮೊಳಗೆ ಸಹಕಾರಿ ಸಂಘಗಳನ್ನು ಕಟ್ಟಿಕೊಂಡವು. ಮಕ್ಕಳೇ ಅಧ್ಯಕ್ಷರು, ಮಕ್ಕಳೇ ಕಾರ್ಯದರ್ಶಿಗಳು, ಮಕ್ಕಳೇ ಖಜಾಂಚಿಗಳು. ಕಾಗದಕ್ಕೂ ಮಸಿಗೂ ಬೇಕಾದ ಹಣದ ಚಿಂತೆ ಸಂಘದ್ದೇ ಆಗಿತ್ತು.

ಸಹಕಾರದ ಮಾತು ಬಂದಾಗ ಫ್ರಾನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷ, ಎಂದರೆ 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಹುಟ್ಟಿತು. ಭಾರತದಲ್ಲಿ ಆ ಬಗೆಯ ಮೊದಲ ಸಂಘವೆಂಬ ಕೀರ್ತಿ ಅದಕ್ಕಿದೆ. ಸಾಹುಕಾರನ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತರು ತಮ್ಮ ತಮ್ಮ ಸಣ್ಣ ಪಾಲುಗಳನ್ನು ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಳ್ಳುವ ದಾರಿಯನ್ನು ಕಂಡುಕೊಂಡರು. ಶಾಲಾ ಸಂಚಿಕೆಗೆ ಹಣ ಹೊಂದಿಸುವ ಪ್ರಶ್ನೆಯೂ ಇದಕ್ಕಿಂತ ತೀರ ಬೇರೆಯಾದುದಲ್ಲ. ಒಬ್ಬ ದೊಡ್ಡ ದಾನಿಯನ್ನು ಹಿಡಿಯುವುದೇ? ಇನ್ನೂರು ಮುನ್ನೂರು ಸಣ್ಣ ಪಾಲುಗಳನ್ನು ಕೂಡಿಸುವುದೇ? ದೊಡ್ಡ ದಾನಿಯನ್ನು ಹಿಡಿಯುವುದು ಒಂದು ಸಂಜೆಯ ಕೆಲಸ. ಪಾಲುಗಳನ್ನು ಕೂಡಿಸುವುದು ಆರು ತಿಂಗಳ ಕೆಲಸ. ಆ ಆರು ತಿಂಗಳುಗಳಲ್ಲಿಯೇ ಶಿಕ್ಷಣವಿದೆ.

ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬಹುದು. ಡೆಮಿ ಅಳತೆಯ ಒಂದು ಹಾಳೆಯನ್ನು ಮೂರು ಸಲ ಮಡಿಸಿದರೆ ಎಂಟು ಎಲೆಗಳು, ಎಂದರೆ 16 ಪುಟಗಳು ದೊರೆಯುತ್ತವೆ. ಸಂಚಿಕೆಯು 64 ಪುಟಗಳದಾದರೆ ಪ್ರತಿಯೊಂದಕ್ಕೆ 4 ಹಾಳೆಗಳು ಬೇಕು. 300 ಪ್ರತಿಗಳಿಗೆ 1200 ಹಾಳೆಗಳು. 500 ಹಾಳೆಗಳಿಗೆ ಒಂದು ರೀಮು ಎಂಬ ಎಣಿಕೆಯಲ್ಲಿ ಎರಡು ರೀಮು ಮುಗಿದು 200 ಹಾಳೆ. ಅಚ್ಚಾಗುವಾಗ ಕೆಡುವ ಹಾಳೆಗಳು, ಮುಖಪುಟದ ದಪ್ಪ ಕಾಗದ, ಇವು ಬೇರೆ. ಮುದ್ರಕರು ಪುಟಗಳ ಸಂಖ್ಯೆಯನ್ನು 16ರ ಅಥವಾ 8ರ ಲೆಕ್ಕದಲ್ಲಿ ಕೇಳುವುದು ಈ ಮಡಿಕೆಯ ಕಾರಣದಿಂದಲೇ. ಲೇಖಕನೊಬ್ಬನು ಹಟ ಹಿಡಿದು ಒಂದೇ ಒಂದು ಪುಟ ಹೆಚ್ಚು ಬರೆದರೂ ಹೊಲಿಗೆಗೆ ಕನಿಷ್ಠ ನಾಲ್ಕು ಪುಟಗಳ ಮಡಿಕೆಯೊಂದು ಸೇರಬೇಕಾಗುತ್ತದೆ. ಸಂಪಾದಕನಾದ ವಿದ್ಯಾರ್ಥಿ ಗೆಳೆಯನ ಕಥೆಯನ್ನು ಮೊಟಕುಗೊಳಿಸುವಂತೆ ಕೇಳುವುದು ವೈರದಿಂದಲ್ಲವೆಂಬುದು ಆಗ ಇಬ್ಬರಿಗೂ ಮನದಟ್ಟಾಗುತ್ತದೆ. ಸಂಕ್ಷಿಪ್ತವಾಗಿ ಬರೆಯಬೇಕೆಂಬ ವ್ಯಾಕರಣ ಪಾಠಕ್ಕೆ ಕಾಗದದ ಮಡಿಕೆಗಿಂತ ಉತ್ತಮ ಸಮರ್ಥನೆ ಸಿಗಲಾರದು.

ಇನ್ನು ಹಣ. ಅಕ್ಷರ ಜೋಡಣೆಗೂ ಅಚ್ಚಿನ ಫಲಕಗಳಿಗೂ ಒಟ್ಟು 6000 ರೂಪಾಯಿ ತಗಲುವುದೆಂದು ಕಲ್ಪಿಸಿಕೊಳ್ಳೋಣ. ನೂರು ಪ್ರತಿ ತೆಗೆದರೂ ಮುನ್ನೂರು ಪ್ರತಿ ತೆಗೆದರೂ ಈ ವೆಚ್ಚ ಬದಲಾಗದು. ಕಾಗದ, ಮಸಿ, ಹೊಲಿಗೆಗಳಿಗೆ ಪ್ರತಿಯೊಂದಕ್ಕೆ 30 ರೂಪಾಯಿ ಎಂದಿಟ್ಟುಕೊಂಡರೆ, 100 ಪ್ರತಿಗಳಾದಾಗ ಒಂದು ಪ್ರತಿಗೆ 90 ರೂಪಾಯಿ ಬೀಳುತ್ತದೆ; 300 ಪ್ರತಿಗಳಾದಾಗ 50 ರೂಪಾಯಿ ಮಾತ್ರ. ಓದುಗರು ಹೆಚ್ಚಿದಂತೆಲ್ಲ ಪ್ರತಿಯೊಬ್ಬನ ಭಾರ ಇಳಿಯುತ್ತದೆಂಬ ಈ ಸಂಗತಿಯನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಓದಿದವರು ಮರೆಯಬಹುದು. ಮುದ್ರಕರ ಎದುರು ಕುಳಿತು ಕೂಡಿ ಕಳೆದು ನೋಡಿದ ವಿದ್ಯಾರ್ಥಿಗಳು ಮರೆಯಲಾರರು.

ಈ ಲೆಕ್ಕದಲ್ಲಿಯೇ ಒಂದು ನ್ಯಾಯದ ಪ್ರಶ್ನೆಯೂ ಅಡಗಿದೆ. 300 ಪ್ರತಿಗಳಿಗೆ ಒಟ್ಟು ವೆಚ್ಚ 15,000 ರೂಪಾಯಿ. ಶಾಲೆಯ 300 ವಿದ್ಯಾರ್ಥಿಗಳಲ್ಲಿ 30 ಮಂದಿಗೆ 50 ರೂಪಾಯಿ ಕೊಡಲು ಆಗದಿದ್ದರೆ ಏನು ಮಾಡಬೇಕು? ಅವರಿಗೆ ಪ್ರತಿಯಿಲ್ಲವೆಂದು ಹೇಳುವುದು ಸುಲಭ. ಅವರಿಗಾಗಿ ದಾನಿಯನ್ನು ಹುಡುಕಿ, ಸಭೆಯಲ್ಲಿ ವೇದಿಕೆಗೆ ಕರೆದು, ಬಡ ಮಕ್ಕಳಿಗೆ ಉಚಿತ ಪ್ರತಿಯೆಂದು ಘೋಷಿಸಿ ಕೊಡುವುದು ಇನ್ನೂ ಸುಲಭ. ಆದರೆ ಅದು ಮೊದಲನೆಯದಕ್ಕಿಂತ ಕ್ರೂರ. ಬೆಲೆಯನ್ನು 56 ರೂಪಾಯಿ ಎಂದು ಗೊತ್ತುಮಾಡಿದರೆ 270 ಮಂದಿಯಿಂದ 15,120 ರೂಪಾಯಿ ಬರುತ್ತದೆ. ಮುನ್ನೂರು ಪ್ರತಿಗಳ ವೆಚ್ಚವೂ ತೀರಿ 120 ರೂಪಾಯಿ ಉಳಿಯುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಮುಚ್ಚಿದ ಲಕೋಟೆಯೊಂದನ್ನು ಪೆಟ್ಟಿಗೆಗೆ ಹಾಕಲಿ. ಲಕೋಟೆಯ ಮೇಲೆ ಹೆಸರು ಬೇಡ. ಒಳಗೆ 56 ರೂಪಾಯಿ ಇರಬಹುದು, 20 ಇರಬಹುದು, ಏನೂ ಇಲ್ಲದೆಯೂ ಇರಬಹುದು. ಖಜಾಂಚಿಗಳು ಎಲ್ಲರೆದುರು ಒಟ್ಟು ಮೊತ್ತವನ್ನು ಮಾತ್ರ ಎಣಿಸಲಿ. ಕೊಡಬಲ್ಲವರೂ ಕೊಡದೆ ತಪ್ಪಿಸಿಕೊಳ್ಳುವರಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಕೆಲವರು ತಪ್ಪಿಸಿಕೊಳ್ಳಲೂಬಹುದು. ಎಣಿಕೆಯಲ್ಲಿ ಹಣ ಸಾಲದೆ ಬಂದರೆ ಪುಟಗಳನ್ನು 64ರಿಂದ 48ಕ್ಕೆ ಇಳಿಸಬೇಕಾದೀತು; ಆ ನಷ್ಟವನ್ನು ಎಲ್ಲರೂ ಕಣ್ಣಾರೆ ಕಾಣುವರು. ಒಬ್ಬಿಬ್ಬರ ಕಳ್ಳತನವನ್ನು ತಡೆಯುವುದಕ್ಕಾಗಿ ಮೂವತ್ತು ಮಕ್ಕಳ ಮುಖವನ್ನು ಬಾಡಿಸುವುದಕ್ಕಿಂತ ಹದಿನಾರು ಪುಟ ಕಡಿಮೆಯಾದ ಸಂಚಿಕೆಯೇ ಮೇಲು.

ಜಾಹೀರಾತುಗಳ ವಿಷಯದಲ್ಲಿ ಬಹಳ ಹೇಳಬೇಕಾಗಿಲ್ಲ. ಊರಿನ ಪುಸ್ತಕದಂಗಡಿ, ಬಟ್ಟೆಯಂಗಡಿ, ಸೈಕಲ್ ರಿಪೇರಿಯವನು, ಹಾಲಿನ ಡೈರಿ, ಇವರ ನಾಲ್ಕು ಸಾಲುಗಳಿಗೆ ಕೊನೆಯ ಪುಟಗಳಲ್ಲಿ ಎಡೆ ಕೊಡುವುದರಲ್ಲಿ ತಪ್ಪಿಲ್ಲ. ಅಂಗಡಿಯವನೊಡನೆ ವಿನಯದಿಂದ ಮಾತನಾಡಿ, ದರವನ್ನು ಹೇಳಿ, ರಸೀದಿ ಬರೆದುಕೊಡುವುದೂ ಒಂದು ವಿದ್ಯೆಯೇ. ತಂಬಾಕಿನ ವ್ಯಾಪಾರಿಗಳ ಹಣವನ್ನು ಮುಟ್ಟಬಾರದು. ಶಾಲೆಗಳಿಂದ ನೂರು ಗಜದೊಳಗೆ ಅದನ್ನು ಮಾರಬಾರದೆಂದೂ ಅದರ ಜಾಹೀರಾತು ಕೂಡದೆಂದೂ 2003ರ ಕಾಯಿದೆಯೇ ಹೇಳುತ್ತದೆ. ಹಣ ಕೊಟ್ಟವನ ಮಗನ ಕವಿತೆಗೆ ಮೊದಲ ಪುಟ ಕೊಡುವ ಒಪ್ಪಂದವನ್ನಂತೂ ಯಾವ ಕಾಯಿದೆಯ ನೆರವೂ ಇಲ್ಲದೆ ವಿದ್ಯಾರ್ಥಿಗಳೇ ನಿರಾಕರಿಸಬಲ್ಲರು.

ಹಣವೇ ಹುಟ್ಟದಿದ್ದರೆ? ಆಗಲೂ ಸಂಚಿಕೆ ನಿಲ್ಲಬೇಕಾಗಿಲ್ಲ. ಕೈಬರಹದ ಪತ್ರಿಕೆಯ, ಗೋಡೆಯ ಮೇಲೆ ಅಂಟಿಸುವ ಭಿತ್ತಿಪತ್ರಿಕೆಯ ಸಂಪ್ರದಾಯ ಕನ್ನಡ ಶಾಲೆಗಳಲ್ಲಿ ಹಳೆಯದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಕೊನೆಯಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಆರಂಭಿಸಿದಾಗ ಅದು ಕಾಲೇಜಿನ ಸಂಘವೊಂದರ ಪತ್ರಿಕೆ ಮಾತ್ರವಾಗಿತ್ತು. ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಬೆಳೆದು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯವನ್ನು ಪಡೆದು, ಹೊಸಗನ್ನಡ ಸಾಹಿತ್ಯಕ್ಕೆ ನೆಲೆಯಾದ ಆ ಪತ್ರಿಕೆಯ ಮೂಲದಲ್ಲಿದ್ದುದು ಉಪಾಧ್ಯಾಯರ ಮತ್ತು ವಿದ್ಯಾರ್ಥಿಗಳ ಉತ್ಸಾಹವೇ ಹೊರತು ಸಿರಿವಂತಿಕೆಯಲ್ಲ.

ಇದಕ್ಕಿಂತಲೂ ಕಠಿಣವಾದ ಸನ್ನಿವೇಶದಲ್ಲಿ ಮಕ್ಕಳು ಪತ್ರಿಕೆಯನ್ನು ನಡೆಸಿದ್ದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದ ತೆರೆಜಿನ್ ಎಂಬ ಊರು ಇಂದಿನ ಚೆಕ್ ದೇಶದಲ್ಲಿದೆ. ಅಲ್ಲಿ ಹುಡುಗರನ್ನು ಇರಿಸಿದ್ದ ಮನೆಯೊಂದರಲ್ಲಿ 1942ರಿಂದ 1944ರವರೆಗೆ ‘ವೆದೆಮ್’ ಎಂಬ ವಾರಪತ್ರಿಕೆ ನಡೆಯಿತು. ಸಂಪಾದಕನ ಹೆಸರು ಪೆತ್ರ್ ಗಿನ್ಸ್. ಆರಂಭದಲ್ಲಿ ಅವನಿಗೆ ಹದಿನಾಲ್ಕು ವರ್ಷ. ಅಚ್ಚು ಹಾಕುವ ಮಾತೇ ಇರಲಿಲ್ಲ. ಒಂದೇ ಪ್ರತಿ, ಅದನ್ನು ಶುಕ್ರವಾರ ಸಂಜೆ ಎಲ್ಲರೂ ಕೂಡಿದಾಗ ಗಟ್ಟಿಯಾಗಿ ಓದುತ್ತಿದ್ದರು. 1944ರಲ್ಲಿ ಪೆತ್ರ್‌ನನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಆ ಹುಡುಗರಲ್ಲಿ ಬದುಕುಳಿದವರು ಕೆಲವರು ಮಾತ್ರ. ಅವರಲ್ಲೊಬ್ಬನು ನೆಲದಲ್ಲಿ ಹೂತು ಕಾಪಾಡಿದ ಸುಮಾರು 800 ಪುಟಗಳು ಇಂದಿಗೂ ಇವೆ. ಚಂದ್ರನ ಮೇಲಿಂದ ಭೂಮಿ ಹೇಗೆ ಕಂಡೀತೆಂದು ಊಹಿಸಿ ಪೆತ್ರ್ ಬರೆದಿದ್ದ ಚಿತ್ರವೊಂದರ ಪ್ರತಿಯನ್ನು ಇಸ್ರೇಲಿನ ಗಗನಯಾತ್ರಿ ಇಲಾನ್ ರಮೋನ್ 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ತನ್ನೊಡನೆ ಒಯ್ದಿದ್ದನು. ಕಲ್ಪನಾ ಚಾವ್ಲಾ ಅವರೂ ಇದ್ದ ಆ ನೌಕೆ ಫೆಬ್ರುವರಿ 1ರಂದು ಹಿಂದಿರುಗುವಾಗ ಒಡೆದುಹೋಯಿತು. ಆ ಹುಡುಗರಿಗೆ ಓದುಗರು ತಮ್ಮ ಕೋಣೆಯವರಷ್ಟೇ ಆಗಿದ್ದರು. ಆದರೂ ಅವರು ಎಂದೋ ಯಾರೋ ಓದುವರೆಂಬಂತೆ, ಕಂಡದ್ದನ್ನು ಕಂಡಂತೆ ಬರೆದರು.

ಕಂಡಂತೆ ಬರೆಯುವುದರಲ್ಲಿ ತೊಡಕೂ ಇದೆ. ಫ್ರೇನೆಯವರು 1928ರಲ್ಲಿ ಸೇಂಟ್ ಪಾಲ್ ಎಂಬ ಊರಿಗೆ ವರ್ಗವಾಗಿ ಹೋದರು. ಅಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಕನಸೊಂದನ್ನು ಬರೆದನು. ಮಕ್ಕಳಿಗೆ ಉಚಿತವಾಗಿ ಪಾಠದ ಸಾಮಗ್ರಿಗಳನ್ನು ಕೊಡಲೊಪ್ಪದ ಊರ ಮುಖ್ಯಸ್ಥನ ಮೇಲೆ ತರಗತಿಯೇ ದಂಗೆಯೆದ್ದು ಅವನನ್ನು ಕೊಂದಂತೆ ಹುಡುಗನು ಕನಸು ಕಂಡಿದ್ದನು. ತರಗತಿ ಅದನ್ನು ಆರಿಸಿತು, ಅಚ್ಚೂ ಆಯಿತು. 1932ರ ಕೊನೆಯಲ್ಲಿ ಫ್ರೇನೆಯವರ ವಿರೋಧಿಗಳು ಆ ಬರಹವನ್ನು ಹಿಡಿದು ಗೋಡೆಗಳ ಮೇಲೆ ಭಿತ್ತಿಪತ್ರಗಳನ್ನು ಅಂಟಿಸಿದರು, ಗದ್ದಲ ಬೆಳೆಯಿತು, 1933ರಲ್ಲಿ ಫ್ರೇನೆಯವರು ಆ ಶಾಲೆಯನ್ನು ಬಿಡಬೇಕಾಯಿತು. ಮುಂದೆ ಅವರು ಸಮೀಪದ ವಾಂಸ್‌ನಲ್ಲಿ ಸ್ವಂತ ಶಾಲೆಯನ್ನು ತೆರೆದರು. ಉಪಾಧ್ಯಾಯರು ಆ ಬರಹವನ್ನು ತಡೆಯಬೇಕಾಗಿತ್ತೇ? ಜೀವಂತನಾದ ವ್ಯಕ್ತಿಯ ಕೊಲೆಯ ಚಿತ್ರವನ್ನು, ಅದು ಕನಸೇ ಆದರೂ, ಊರಿಗೆ ಹಂಚುವ ಮೊದಲು ತರಗತಿಯಲ್ಲಿ ಇನ್ನೊಂದು ಗಂಟೆ ಚರ್ಚಿಸಿದ್ದರೆ ಒಳ್ಳೆಯದಿತ್ತು. ಆದರೆ ಹುಡುಗನ ಕೋಪಕ್ಕೆ ಕಾರಣವಾದ ಸಂಗತಿ ಮಾತ್ರ ಅಚ್ಚಾಗಲೇಬೇಕಾಗಿತ್ತು. ಶಾಲಾ ಸಂಚಿಕೆಯಲ್ಲಿ ಕುಡಿಯುವ ನೀರಿನ ತೊಟ್ಟಿಯ ವಿಷಯ, ಬಾಗಿಲಿಲ್ಲದ ಶೌಚಗೃಹದ ವಿಷಯ, ಸಂಜೆ ಐದಕ್ಕೆ ತಪ್ಪಿಹೋಗುವ ಬಸ್ಸಿನ ವಿಷಯ ಬರಬಾರದೆಂದರೆ ಮಕ್ಕಳು ಮತ್ತೆ ನಗೆಹನಿಗಳ ಪಟ್ಟಿಗೇ ಮರಳುವರು. ಯಾರನ್ನೂ ಹಳಿಯದೆ, ಹೆಸರಿಸದೆ, ಇರುವುದನ್ನು ಇರುವಂತೆ ಹೇಳಲು ಕಲಿಸುವುದು ಉಪಾಧ್ಯಾಯರ ಕೆಲಸ; ಹೇಳಿದ ಮೇಲೆ ಮಕ್ಕಳ ಬೆನ್ನಿಗೆ ನಿಲ್ಲುವುದೂ ಅವರದೇ.

ಹತ್ತನೆಯ ತರಗತಿಯವರಿಗೆ ಪರೀಕ್ಷೆಯ ಭಾರವಿರುವಾಗ ಇದಕ್ಕೆಲ್ಲ ವೇಳೆಯೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದುದೇ. ಆದುದರಿಂದ ಸಂಪಾದಕ ಮಂಡಲಿಯು ಒಂಬತ್ತನೆಯ ತರಗತಿಯದಾಗಿರಬೇಕು. ಹೊರಟುಹೋಗುವವರ ನೆನಪನ್ನು ಉಳಿಯುವವರು ಕಟ್ಟುವುದೇ ಹೆಚ್ಚು ಚೆಲುವಾದುದು. ಮರುವರ್ಷ ಅವರ ಸರದಿ ಬರುವಾಗ ಈಗಿನ ಎಂಟನೆಯವರು ಕೆಲಸ ಬಲ್ಲವರಾಗಿರುತ್ತಾರೆ. ಮಂಡಲಿಯ ಸಭೆಗಳು ಶಾಲೆಯ ವೇಳೆಯಲ್ಲಿಯೇ ನಡೆಯಬೇಕು. ಸಂಜೆ ಸಭೆ ಕರೆದರೆ ಬಸ್ಸು ಹಿಡಿಯಬೇಕಾದವರು, ಮನೆಗೆ ಹೋಗಿ ನೀರು ತರಬೇಕಾದ ಹುಡುಗಿಯರು, ದನ ಕಟ್ಟಬೇಕಾದ ಹುಡುಗರು ತಾವಾಗಿಯೇ ಹೊರಗುಳಿಯುತ್ತಾರೆ. ಅನಂತರ, ‘ಅವರಿಗೆ ಆಸಕ್ತಿಯಿಲ್ಲ’ ಎಂಬ ಮಾತು ಹುಟ್ಟುತ್ತದೆ. ಚೆನ್ನಾಗಿ ಬರೆಯುವ ನಾಲ್ವರಿಗೇ ಪುಟಗಳೆಲ್ಲ ಹೋಗುವುದೂ ಹೀಗೆಯೇ. ಬರೆಯಲಾರದವನು ಹೇಳಬಲ್ಲನು, ಹೇಳಿದುದನ್ನು ಇನ್ನೊಬ್ಬನು ಬರೆದುಕೊಳ್ಳಬಹುದು. ಚಿತ್ರ ಬಿಡಿಸುವವನು, ಕರಡು ತಿದ್ದುವವನು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವನು, ಅಂಗಡಿಗಳಿಗೆ ಹೋಗಿ ಧೈರ್ಯವಾಗಿ ಮಾತನಾಡುವವನು, ಎಲ್ಲರ ಹೆಸರೂ ಲೇಖಕರ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಬರಬೇಕಾದುದು ನ್ಯಾಯ.

ಈಗ ಕಾಗದವೇ ಬೇಡವೆನ್ನುವವರೂ ಇದ್ದಾರೆ. ಭಾವಚಿತ್ರಗಳನ್ನೂ ಬರಹಗಳನ್ನೂ ಜೋಡಿಸಿ ಮೊಬೈಲಿಗೆ ಕಳುಹಿಸಿದರೆ ಕಾಸಿನ ಖರ್ಚಿಲ್ಲದೆ ಎಲ್ಲರಿಗೂ ತಲುಪುವುದೆಂಬುದು ಅವರ ವಾದ. ಹಣದ ತೊಂದರೆಯಿರುವ ಶಾಲೆಗೆ ಇದು ಒಳ್ಳೆಯ ಉಪಾಯ. ಆದರೆ ಮೊಬೈಲು ಮನೆಯಲ್ಲಿ ಒಬ್ಬರದು; ತುಂಬಿಹೋದಾಗ ಮೊದಲು ಅಳಿಸಿಹೋಗುವುದೂ ಇಂಥ ಕಡತಗಳೇ. ಒಂದು ಪ್ರತಿಯನ್ನಾದರೂ ಕಾಗದದ ಮೇಲೆ ತೆಗೆದು, ಹೊಲಿಸಿ, ರಟ್ಟು ಹಾಕಿಸಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಿದರೆ ಇಪ್ಪತ್ತು ವರ್ಷಗಳ ಬಳಿಕ ಅದೇ ಶಾಲೆಗೆ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ಅದನ್ನು ತೆಗೆಸಿ ನೋಡಬಹುದು. ಅದರ ಕೊನೆಯ ಪುಟದಲ್ಲಿ ಜಮಾ ಖರ್ಚಿನ ಪಟ್ಟಿಯೂ, ಖಜಾಂಚಿಗಳಿಬ್ಬರ ಸಹಿಯೂ ಇರಬೇಕು.

ಇನ್ನೊಂದು ವಿಷಯವನ್ನು ಸಂಪಾದಕ ಮಂಡಲಿ ತನ್ನ ಮೊದಲ ಸಭೆಯಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ಎಂಟನೆಯ ತರಗತಿಗೆ ಸೇರಿದವರೆಲ್ಲರೂ ಹತ್ತನೆಯದರವರೆಗೆ ಬರುವುದಿಲ್ಲ. ಒಬ್ಬನು ತಂದೆಯೊಡನೆ ಕೂಲಿಗಾಗಿ ಬೇರೆ ಊರಿಗೆ ಹೋಗಿರುತ್ತಾನೆ; ಒಬ್ಬಳನ್ನು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸಿಕೊಂಡಿರುತ್ತಾರೆ; ಒಬ್ಬನು ಗ್ಯಾರೇಜಿಗೆ ಸೇರಿರುತ್ತಾನೆ. ಭಾವಚಿತ್ರ ತೆಗೆಯುವ ದಿನ ಅವರು ಅಂಗಳದಲ್ಲಿ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳ ಮೇಲೆ ಗೆರೆ ಬಿದ್ದಿರುತ್ತದೆ. ಎಂಟನೆಯ ತರಗತಿಯ ಹಳೆಯ ಹಾಜರಿ ಪುಸ್ತಕವನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆದು, ಗೆರೆ ಬಿದ್ದ ಹೆಸರುಗಳನ್ನೂ ಬರೆದುಕೊಂಡು, ಅವರವರ ಮನೆಗೆ ಹೋಗಿ ಒಪ್ಪಿಗೆ ಕೇಳಿ, ಉಳಿದವರ ಹೆಸರುಗಳ ನಡುವೆ ಅಕಾರಾದಿಯಾಗಿ ಸೇರಿಸುವ ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳೂ ಎರಡು ಭಾನುವಾರಗಳೂ ಸಾಕು. ಪುಟಗಳ ಲೆಕ್ಕದಲ್ಲಿ ಅದಕ್ಕೆ ತಗಲುವುದು ಏಳೆಂಟು ಸಾಲು.